ಔಷಧಿ ಕೊಡುವ ಮೊದಲು ಲದ್ದಿ ನೋಡಿ

ಕುದುರೆ ಸಾಕುವವರಿಗೆ ಜಂತುಹುಳದ ಪೇಸ್ಟ್ ಹೊಸದಲ್ಲ. ಸಿರಿಂಜ್‌ನಂಥ ಕೊಳವೆಯನ್ನು ಬಾಯಿಯ ಮೂಲೆಯಿಂದ ತೂರಿಸಿ ನಾಲಿಗೆಯ ಹಿಂಭಾಗಕ್ಕೆ ಒತ್ತಿದರೆ ಮುಗಿಯಿತು. ಎರಡು ಮೂರು ತಿಂಗಳಿಗೊಮ್ಮೆ ಲಾಯದ ಎಲ್ಲ ಕುದುರೆಗಳಿಗೂ ಒಂದೇ ದಿನ ಕೊಡುವುದು ಎಷ್ಟೋ ಕಡೆ ರೂಢಿ. ಬೆಂಗಳೂರಲ್ಲಿ ಕುದುರೆಗಳೇನು ಕಡಿಮೆಯಿಲ್ಲ. ರೇಸ್‌ಕೋರ್ಸ್ ರಸ್ತೆಯಲ್ಲಿ ಲಾಯಗಳಿವೆ, ಊರ ಹೊರಗೆ ಸವಾರಿ ಶಾಲೆಗಳಿವೆ, ಮದುವೆ ಮೆರವಣಿಗೆಗೆ ಬರುವ ಕುದುರೆಗಳಿವೆ. ಇವುಗಳಲ್ಲಿ ಯಾವುದಕ್ಕೆ ಔಷಧಿ ಬೇಕು, ಯಾವುದಕ್ಕೆ ಬೇಡ ಅಂತ ತಿಳಿಯಲು ಸ್ವಲ್ಪ ಲದ್ದಿ, ಒಂದಿಷ್ಟು ಉಪ್ಪುನೀರು, ಒಂದು ಮೈಕ್ರೋಸ್ಕೋಪ್ ಇದ್ದರೆ ಬಹುಮಟ್ಟಿಗೆ ಸಾಕು. ಆದರೂ ನೋಡದೆಯೇ ಕೊಡುತ್ತೇವೆ.

ಈ ರೂಢಿ ಸುಮ್ನೆ ಹುಟ್ಟಿದ್ದಲ್ಲ. 1966ರಲ್ಲಿ ಅಮೆರಿಕದ ಕೆಂಟಕಿ ವಿಶ್ವವಿದ್ಯಾಲಯದ ಡ್ರಜ್ ಮತ್ತು ಲಯನ್ಸ್ ಎಂಬ ವಿಜ್ಞಾನಿಗಳು 6ರಿಂದ 8 ವಾರಕ್ಕೊಮ್ಮೆ ಔಷಧಿ ಕೊಡಿ ಎಂದು ಸಲಹೆ ಮಾಡಿದರು. ಅವರ ಗುರಿ ಸ್ಟ್ರಾಂಗೈಲಸ್ ವಲ್ಗ್ಯಾರಿಸ್ ಎಂಬ ಹುಳು. ಇದರ ಮರಿಗಳು ಕರುಳಿಗೆ ರಕ್ತ ಒಯ್ಯುವ ದೊಡ್ಡ ರಕ್ತನಾಳದ ಒಳಗೆ ತಿಂಗಳುಗಟ್ಟಲೆ ಬೆಳೆಯುತ್ತವೆ. ಅಲ್ಲಿ ರಕ್ತ ಹೆಪ್ಪುಗಟ್ಟಿ ಕರುಳಿನ ಭಾಗಕ್ಕೆ ರಕ್ತ ನಿಂತುಹೋಗಬಹುದು. ಆಮೇಲೆ ಬರುವ ಹೊಟ್ಟೆನೋವು ಕುದುರೆಯ ಜೀವ ತೆಗೆಯುವಂಥದ್ದು. ಆ ಕಾಲಕ್ಕೆ ಆ ಸಲಹೆ ತುಂಬ ಸರಿಯಾಗಿತ್ತು. ಎಷ್ಟೋ ಕುದುರೆಗಳು ಅದರಿಂದ ಬದುಕಿದವು.

ಹುಳುಗಳ ಲೋಕ ಆಮೇಲೆ ಬದಲಾಯಿತು. ಈಗ ಬೆಳೆದ ಕುದುರೆಗಳ ಹೊಟ್ಟೆಯಲ್ಲಿ ಹೆಚ್ಚಾಗಿ ಸಿಗುವುದು ಸಯಾಥೊಸ್ಟೋಮಿನ್ ಎಂಬ ಸಣ್ಣ ಹುಳುಗಳು. ಇವುಗಳಲ್ಲಿ ಸುಮಾರು 50 ಜಾತಿಗಳಿವೆ. ಹುಲ್ಲು ಮೇಯುವ ಕುದುರೆಗಳಲ್ಲಿ ಹೆಚ್ಚುಕಡಿಮೆ ಎಲ್ಲದರಲ್ಲೂ ಇರುತ್ತವೆ, ಆರೋಗ್ಯವಾಗಿರುವ ಕುದುರೆಗೆ ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. ಹುಳು ಬದಲಾದರೂ ನಮ್ಮ ಕ್ಯಾಲೆಂಡರ್ ಬದಲಾಗಲಿಲ್ಲ.

ಪರೀಕ್ಷೆ ಮಾಡುವ ಬಗೆ ಸುಂದರವಾಗಿದೆ. ಇದಕ್ಕೆ ಮ್ಯಾಕ್‌ಮಾಸ್ಟರ್ ವಿಧಾನ ಎನ್ನುತ್ತಾರೆ. ಸಿಡ್ನಿಯ ಮ್ಯಾಕ್‌ಮಾಸ್ಟರ್ ಪ್ರಯೋಗಾಲಯದ ಗಾರ್ಡನ್ ಮತ್ತು ವಿಟ್‌ಲಾಕ್ 1939ರಲ್ಲಿ ಕುರಿಗಳಿಗಾಗಿ ಇದನ್ನು ಪ್ರಕಟಿಸಿದರು. 4 ಗ್ರಾಂ ಲದ್ದಿಯನ್ನು 26 ಮಿಲಿಲೀಟರ್ ಗಾಢವಾದ ಉಪ್ಪುನೀರಿನಲ್ಲಿ ಕದಡಿ ಸೋಸಬೇಕು. ಹುಳದ ಮೊಟ್ಟೆ ಆ ಉಪ್ಪುನೀರಿಗಿಂತ ಹಗುರ, ಹಾಗಾಗಿ ಮೇಲೆ ತೇಲುತ್ತದೆ. ಕಸದ ಬಹುಪಾಲು ಕೆಳಗೇ ಉಳಿಯುತ್ತದೆ. ಗೆರೆ ಕೊರೆದ ಗಾಜಿನ ಎರಡು ಪುಟ್ಟ ಕೋಣೆಗಳಿಗೆ ಈ ನೀರು ತುಂಬುತ್ತಾರೆ. ಒಂದೊಂದು ಕೋಣೆಯ ಗೆರೆಗಳ ಕೆಳಗೆ ಹಿಡಿಯುವುದು 0.15 ಮಿಲಿಲೀಟರ್. ಸ್ವಲ್ಪ ಹೊತ್ತು ಬಿಟ್ಟು ಮೈಕ್ರೋಸ್ಕೋಪಿನಲ್ಲಿ ಮೊಟ್ಟೆ ಎಣಿಸಿ 25ರಿಂದ ಗುಣಿಸಿದರೆ ಒಂದು ಗ್ರಾಂ ಲದ್ದಿಯಲ್ಲಿ ಎಷ್ಟು ಮೊಟ್ಟೆ ಇವೆ ಅಂತ ಗೊತ್ತಾಗುತ್ತದೆ. ಎರಡೂ ಕೋಣೆ ಸೇರಿ 12 ಕಂಡರೆ 300. ಸಾಮಾನ್ಯವಾಗಿ 200ಕ್ಕಿಂತ ಕಡಿಮೆ ಇದ್ದರೆ ಕಡಿಮೆ ಮೊಟ್ಟೆ ಹಾಕಿಸುವ ಕುದುರೆ, 500 ದಾಟಿದರೆ ಜಾಸ್ತಿ ಹಾಕಿಸುವ ಕುದುರೆ ಎಂದು ಲೆಕ್ಕ.

ಹೀಗೆ ಲಾಯದ ಎಲ್ಲ ಕುದುರೆಗಳನ್ನು ಎಣಿಸಿ ನೋಡಿದವರಿಗೆ ಒಂದು ವಿಷಯ ಮತ್ತೆ ಮತ್ತೆ ಕಂಡಿದೆ. ಬೆಳೆದ ಕುದುರೆಗಳ ಗುಂಪಿನಲ್ಲಿ ಸುಮಾರು 20ರಿಂದ 30 ಶೇಕಡಾ ಕುದುರೆಗಳೇ 80 ಶೇಕಡಾದಷ್ಟು ಮೊಟ್ಟೆಗಳನ್ನು ನೆಲಕ್ಕೆ ಹಾಕುತ್ತವೆ. ಒಂದೇ ಮೇವು, ಒಂದೇ ಅಂಗಳ, ಪಕ್ಕಪಕ್ಕದ ಲಾಯ. ಆದರೂ ಒಂದರ ಲದ್ದಿಯಲ್ಲಿ ಸಾವಿರ, ಇನ್ನೊಂದರಲ್ಲಿ ಸೊನ್ನೆ. ನೋಡಲು ಎರಡೂ ಮೈತುಂಬಿ ಹೊಳೆಯುತ್ತಿರುತ್ತವೆ! ಮೈ ನೋಡಿ ಹೇಳುತ್ತೇನೆ ಅನ್ನುವವರನ್ನು ಈ ವಿಷಯದಲ್ಲಿ ನಂಬಬೇಡಿ. ಈ ಸ್ವಭಾವ ವರ್ಷದಿಂದ ವರ್ಷಕ್ಕೆ ಅಷ್ಟಾಗಿ ಬದಲಾಗುವುದೂ ಇಲ್ಲ.

ಹಾಗಿದ್ದರೂ ಎಲ್ಲಕ್ಕೂ ಕೊಟ್ಟರೆ ಏನು ನಷ್ಟ ಅಂತ ಕೇಳಬಹುದು, ಅಲ್ವಾ? ಔಷಧಿ ಕೊಟ್ಟಾಗ ಅದಕ್ಕೆ ಸಾಯುವ ಹುಳುಗಳು ಸಾಯುತ್ತವೆ, ಸಾಯದವು ಮಾತ್ರ ಮೊಟ್ಟೆ ಇಡುತ್ತವೆ. ಕೆಲವು ಕುದುರೆಗಳಿಗೆ ಔಷಧಿ ಕೊಡದೆ ಬಿಟ್ಟರೆ, ಅವುಗಳಲ್ಲಿ ಉಳಿದ ಸಾಧಾರಣ ಹುಳುಗಳ ಮೊಟ್ಟೆಗಳೂ ನೆಲದ ಮೇಲಿರುತ್ತವೆ. ಉಪ್ಪು ಜಾಸ್ತಿಯಾದ ಸಾರಿಗೆ ನೀರು ಬೆರೆಸಿದ ಹಾಗೆ, ಔಷಧಿಗೆ ಬಗ್ಗದ ಹುಳುಗಳ ಪಾಲು ಇದರಿಂದ ತೆಳುವಾಗುತ್ತದೆ. ಎಲ್ಲಕ್ಕೂ ಒಂದೇ ದಿನ ಪೇಸ್ಟ್ ಕೊಡುವವರು ಆ ನೀರನ್ನೇ ಚೆಲ್ಲುತ್ತಿದ್ದಾರೆ.

ಫಲ ಕಣ್ಣ ಮುಂದಿದೆ. ಫೆನ್‌ಬೆಂಡಜೋಲ್ ಗುಂಪಿನ ಔಷಧಿಗಳು ಜಗತ್ತಿನ ಬಹಳ ಕಡೆ ಸಣ್ಣ ಹುಳುಗಳ ಮೇಲೆ ಸೋತಿವೆ. ಪೈರಾಂಟೆಲ್ ಕೂಡ ಹಲವು ದೇಶಗಳಲ್ಲಿ ಸೋಲುತ್ತಿದೆ. ಉಳಿದ ದೊಡ್ಡ ಆಸರೆ ಐವರ್‌ಮೆಕ್ಟಿನ್ ಇರುವ ಗುಂಪು. ಕುದುರೆ ಮರಿಗಳ ದುಂಡು ಹುಳು ಅದಕ್ಕೂ ಬಗ್ಗುತ್ತಿಲ್ಲ ಎಂಬ ವರದಿ 2002ರಲ್ಲೇ ಬಂತು. 2020ರಲ್ಲಿ, ಐರ್ಲೆಂಡಿನಿಂದ ಅಮೆರಿಕಕ್ಕೆ ಬಂದ ಒಂದು ವರ್ಷದ ರೇಸ್ ತಳಿಯ ಮರಿಗಳ ಸಣ್ಣ ಹುಳುಗಳಲ್ಲೂ ಅದೇ ಕಂಡಿತು. ಕುದುರೆ ಪ್ರಯಾಣ ಮಾಡಿದರೆ ಹುಳುವೂ ಮಾಡುತ್ತದೆ. ಬೆಂಗಳೂರಿನ ರೇಸ್ ಕುದುರೆಗಳು ಮೈಸೂರು, ಹೈದರಾಬಾದ್, ಚೆನ್ನೈ, ಮುಂಬೈ ಅಂತ ಓಡಾಡುವಂಥವು. ಹೊಸ ಕುದುರೆ ಲಾಯಕ್ಕೆ ಬಂದ ದಿನವೇ ಲದ್ದಿ ಪರೀಕ್ಷೆ ಮಾಡಿಸಬೇಕು ಅನ್ನುವುದು ಇದಕ್ಕೇ.

ನಮ್ಮ ಊರಿನ ಹವೆಯ ಮಾತೂ ಇದೆ. ಮೊಟ್ಟೆಯಿಂದ ಹೊರಬಂದ ಮರಿಹುಳಕ್ಕೆ ಬೆಚ್ಚಗಿನ ಹವೆ ಮತ್ತು ತೇವ ಎರಡೂ ಬೇಕು. ಚಳಿ ದೇಶಗಳಲ್ಲಿ ಚಳಿಗಾಲ ಈ ಬೆಳವಣಿಗೆಯನ್ನು ತಡೆಯುತ್ತದೆ. ಇಲ್ಲಿ ಅಂಥ ಚಳಿ ಇಲ್ಲ. ಜೂನ್‌ನಿಂದ ಅಕ್ಟೋಬರ್‌ವರೆಗಿನ ಮಳೆಯಲ್ಲಿ ಹುಲ್ಲುಗಾವಲು ಹುಳಕ್ಕೆ ಹಬ್ಬ. ಫೆಬ್ರವರಿ, ಮಾರ್ಚ್‌ನ ಒಣಬಿಸಿಲಲ್ಲಿ ಅವು ಬೇಗ ಸಾಯುತ್ತವೆ. ಹೊರದೇಶದ ವೇಳಾಪಟ್ಟಿಯನ್ನು ಇಲ್ಲಿ ಹಾಗೇ ಅಂಟಿಸಿದರೆ ನಡೆಯುವುದಿಲ್ಲ. ಲಾಯದಲ್ಲೇ ನಿಂತು ಒಣಮೇವು ತಿನ್ನುವ ಕುದುರೆಗೂ ಹುಲ್ಲಲ್ಲಿ ಮೇಯುವ ಕುದುರೆಗೂ ಒಂದೇ ಲೆಕ್ಕ ಹಾಕುವುದೂ ತಪ್ಪು. ಮೇಯುವ ಜಾಗದಿಂದ ವಾರಕ್ಕೆ ಎರಡು ಸಲ ಲದ್ದಿ ಎತ್ತಿಸಿದರೆ ಹುಲ್ಲಿನ ಮೇಲಿನ ಮರಿಹುಳು ತುಂಬ ಇಳಿಯುತ್ತದೆ. ಎತ್ತಿದ ಲದ್ದಿಯನ್ನು ಹಸಿಯಾಗಿ ಅದೇ ಹುಲ್ಲಿಗೆ ಹರಡಬೇಡಿ. ರಾಶಿ ಹಾಕಿ, ಒಳಗೆ ಬಿಸಿಯೇರಿ ಗೊಬ್ಬರವಾಗಲಿ.

ಈ ಪರೀಕ್ಷೆ ಎಲ್ಲವನ್ನೂ ಹೇಳುವುದಿಲ್ಲ. ಮೊಟ್ಟೆ ಎಷ್ಟು ಎಂದು ಹೇಳುತ್ತದೆ, ಹೊಟ್ಟೆಯಲ್ಲಿ ಹುಳು ಎಷ್ಟು ಎಂದಲ್ಲ. ಕರುಳಿನ ಗೋಡೆಯೊಳಗೆ ಅವಿತು ಕೂತ ಸಣ್ಣ ಹುಳದ ಮರಿಗಳು ಮೊಟ್ಟೆ ಇಡುವುದಿಲ್ಲ, ಹಾಗಾಗಿ ಲದ್ದಿಯಲ್ಲಿ ಅವುಗಳ ಸುಳಿವೇ ಇರುವುದಿಲ್ಲ. ಅವು ಒಟ್ಟಿಗೆ ಹೊರಬಿದ್ದರೆ ಕುದುರೆ ಭೇದಿಯಿಂದ ಸಾಯಬಹುದು. ಲಾಡಿಹುಳದ ಮೊಟ್ಟೆ ಒಮ್ಮೆ ಕಾಣುತ್ತದೆ, ಒಮ್ಮೆ ಇಲ್ಲ. ಸ್ಟ್ರಾಂಗೈಲಸ್ ವಲ್ಗ್ಯಾರಿಸ್‌ನ ಮೊಟ್ಟೆ ನೋಡಲು ಸಣ್ಣ ಹುಳದ ಮೊಟ್ಟೆಯಂತೆಯೇ ಇರುತ್ತದೆ. ಮೊಟ್ಟೆ ಒಡೆಸಿ ಮರಿ ಬೆಳೆಸಿ ನೋಡಿದರೆ ಗೊತ್ತಾಗುತ್ತದೆ. ಡೆನ್ಮಾರ್ಕ್ 1999ರಿಂದ ವೈದ್ಯರ ಚೀಟಿ ಇಲ್ಲದೆ ಈ ಔಷಧಿ ಕೊಡುವುದನ್ನು ನಿಲ್ಲಿಸಿತು. ವರ್ಷಗಳ ನಂತರ ನೋಡಿದಾಗ, ಪರೀಕ್ಷೆ ಮಾಡಿ ಆಯ್ದ ಕುದುರೆಗಳಿಗಷ್ಟೇ ಔಷಧಿ ಕೊಡುತ್ತಿದ್ದ ಲಾಯಗಳಲ್ಲಿ ಈ ಹಳೆಯ ವೈರಿ ಹೆಚ್ಚಾಗಿ ಸಿಕ್ಕಿತು. ಅದಕ್ಕೇ ಮೊಟ್ಟೆ ಕಡಿಮೆ ಇರುವ ಕುದುರೆಗೂ ವರ್ಷಕ್ಕೆ ಒಂದೆರಡು ಸಲ ಔಷಧಿ ಕೊಡಲು ತಜ್ಞರು ಹೇಳುತ್ತಾರೆ. ಕುದುರೆ ಮರಿಗಳ ಲೆಕ್ಕ ಪೂರ್ತಿ ಬೇರೆ, ಅದನ್ನು ವೈದ್ಯರೇ ಹಾಕಬೇಕು.

ಲದ್ದಿ ತೆಗೆಯುವಾಗ ಬಿಸಿ ಆರುವ ಮುಂಚೆ, ನೆಲಕ್ಕೆ ತಾಗದ ಭಾಗದಿಂದ ತೆಗೆಯಿರಿ. ಪ್ಲಾಸ್ಟಿಕ್ ಚೀಲದ ಗಾಳಿ ಒತ್ತಿ ತೆಗೆದು, ಹೆಸರು ಬರೆದು, ಫ್ರಿಜ್‌ನಲ್ಲಿಡಿ. ಸ್ಕೂಟರ್ ಡಿಕ್ಕಿಯಲ್ಲಿ ಇಡೀ ದಿನ ಬಿಟ್ಟರೆ ಮೊಟ್ಟೆ ಒಡೆದು ಲೆಕ್ಕ ಕೆಡುತ್ತದೆ. ಐವರ್‌ಮೆಕ್ಟಿನ್ ಕೊಟ್ಟಿದ್ದರೆ ಸುಮಾರು ಮೂರು ತಿಂಗಳು ಕಳೆದ ಮೇಲೆ ಪರೀಕ್ಷಿಸಿ. ಔಷಧಿ ಕೊಡುವಾಗ ತೂಕವನ್ನು ಅಂದಾಜಿನಲ್ಲಿ ಹೇಳಬೇಡಿ. ಎದೆಯ ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಮೈಯುದ್ದದಿಂದ ಮತ್ತೆ ಗುಣಿಸಿ, 11,880ರಿಂದ ಭಾಗಿಸಿದರೆ ಹೆಚ್ಚುಕಡಿಮೆ ಕಿಲೋ ಸಿಗುತ್ತದೆ. ಅಳತೆ ಸೆಂಟಿಮೀಟರಿನಲ್ಲಿರಲಿ. ಸುತ್ತಳತೆ 160, ಉದ್ದ 150 ಆದರೆ ಸುಮಾರು 323 ಕಿಲೋ. ಔಷಧಿ ಕೊಟ್ಟ 14 ದಿನಕ್ಕೆ ಅದೇ ಕುದುರೆಗಳ ಲದ್ದಿಯನ್ನು ಇನ್ನೊಮ್ಮೆ ಎಣಿಸಿ. ಐವರ್‌ಮೆಕ್ಟಿನ್ ಆದರೆ ಮೊಟ್ಟೆ ಹೆಚ್ಚುಕಡಿಮೆ ಸೊನ್ನೆಗೆ ಇಳಿಯಬೇಕು. ಹಲವು ಕುದುರೆಗಳ ಸರಾಸರಿಯಲ್ಲಿ 95 ಶೇಕಡಾದಷ್ಟೂ ಇಳಿಯದಿದ್ದರೆ, ಮುಂದಿನ ಕೊಳವೆ ಕೊಳ್ಳುವ ಮುಂಚೆ ವೈದ್ಯರಿಗೆ ಎರಡೂ ಅಂಕಿಗಳನ್ನು ತೋರಿಸಿ.