ಪೌಂಡ್ ಗುರುತು 'ನ' ಆಗಿದ್ದ ಕಾಲ

ಕನ್ನಡ ಟೈಪಿಸುವ 'ನುಡಿ' ತಂತ್ರಾಂಶದ ಹಳೇ ಫೈಲೊಂದನ್ನು ಇವತ್ತಿನ ಫೋನಿನಲ್ಲಿ ತೆರೆದು ನೋಡಿ. 'ಕನ್ನಡ' ಎಂದು ಇರಬೇಕಾದ ಕಡೆ ಇಂಗ್ಲಿಷಿನ ಪಿ ಕಾಣುತ್ತದೆ. ಪಕ್ಕದಲ್ಲಿ ತಲೆ ಮೇಲೆ ಓರೆ ಗೀಟಿರುವ ಒಂದು ಎ. ಆಮೇಲೆ ಪೌಂಡ್ ಹಣದ ಗುರುತು, ಮತ್ತೆ ಅದೇ ಎ. ಫೈಲ್ ಕೆಟ್ಟಿದೆ ಅಂದುಕೊಂಡು ಎಷ್ಟೋ ಜನ ಅಳಿಸಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅದರೊಳಗೆ ಕನ್ನಡ ಹಾಗೇ ಇದೆ.

ಆ ಪಿ ಅಂದರೆ ತಲಕಟ್ಟಿಲ್ಲದ 'ಕ'. ಓರೆ ಗೀಟಿನ ಎ ಅಂದರೆ ತಲಕಟ್ಟು. ಪೌಂಡ್ ಗುರುತು 'ನ'ದ ಒಡಲು. ಆಗಿನ ಫಾಂಟುಗಳಲ್ಲಿ ಇದ್ದದ್ದೇ 256 ಜಾಗ. ಅವು ಇಂಗ್ಲಿಷ್ ಮತ್ತು ಯುರೋಪಿನ ಭಾಷೆಗಳಿಗೆ ಅಂತ ಮಾಡಿದ್ದು. ನಮ್ಮವರು ಆ ಜಾಗಗಳಲ್ಲೇ ಇಳಿ, ಗುಡಿ, ಕೊಂಬು, ಏತ್ವ, ಒತ್ತುಗಳನ್ನು ಒಂದೊಂದಾಗಿ ಕೂರಿಸಿದರು. ಅಚ್ಚಿನ ಮನೆಯಲ್ಲಿ ಮೊಳೆ ಜೋಡಿಸುತ್ತಿದ್ದ ಹಾಗೇ ಇದು. ಪುಟ ಚೆನ್ನಾಗಿ ಬರುತ್ತಿತ್ತು, ಪುಸ್ತಕಗಳೂ ಅಚ್ಚಾದವು. ಆದರೆ ಕಂಪ್ಯೂಟರಿಗೆ ಅದು ಕನ್ನಡ ಅಂತಲೇ ಗೊತ್ತಿರಲಿಲ್ಲ. ಪದ ಹುಡುಕುವುದು, ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸುವುದು ದೊಡ್ಡ ಗೋಳು. ಅದರ ಮೇಲೆ ಒಂದು ಫಾಂಟಿನಲ್ಲಿ ಗುಡಿ ಇದ್ದ ಜಾಗದಲ್ಲಿ ಇನ್ನೊಂದರಲ್ಲಿ ಯಾವುದೋ ಒತ್ತು ಇರುತ್ತಿತ್ತು.

ಇದನ್ನು ಬೇರೆ ದಾರಿಯಲ್ಲಿ ಯೋಚಿಸಿದವರು ಕಿನ್ನಿಕಂಬಳದ ಕೆ.ಪಿ. ರಾವ್. ಅಕ್ಷರದ ಚಿತ್ರ ಬಿಡಿ, ಅದರ ಉಲಿ ಹಿಡಿಯಿರಿ ಎಂಬುದು ಅವರ ಕೀಲಿಮಣೆಯ ಲೆಕ್ಕ. 'ಅಕ್ಕ' ಬರೆಯಬೇಕಾ? ಎ, ಕೆ, ಎಫ್, ಕೆ ಒತ್ತಿದರೆ ಸಾಕು. ಅಲ್ಲಿ ಎಫ್ ಕೀಲಿ ಎರಡು ವ್ಯಂಜನಗಳನ್ನು ಬೆಸೆಯುತ್ತದೆ. ಕಾಗುಣಿತ ಬಂದರೆ ಟೈಪಿಂಗೂ ಬಂದಂತೆಯೇ, ಅಲ್ವಾ? ಈ ವಿನ್ಯಾಸವನ್ನು ಅವರು ತನ್ನದು ಅಂತ ಬಿಗಿಯಾಗಿ ಹಿಡಿದುಕೊಳ್ಳದೆ ಎಲ್ಲರಿಗೂ ಬಿಟ್ಟುಕೊಟ್ಟರು. ಕನ್ನಡ ಗಣಕ ಪರಿಷತ್ತಿನ 'ನುಡಿ' ಬಳಸಿದ್ದೂ ಇದನ್ನೇ. ಕನ್ನಡಕ್ಕೆ ಇಷ್ಟು ದೊಡ್ಡ ಉಪಕಾರ ಮಾಡಿದವರು ಕಡಿಮೆ. 1998ರಲ್ಲಿ ಶೇಷಾದ್ರಿ ವಾಸು ಅವರ 'ಬರಹ' ತಂತ್ರಾಂಶ ಬಂತು. ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಟೈಪಿಸಿ ರೂಢಿಯಾಗಿದ್ದವರಿಗೆ ಅದು ವರವಾಯಿತು.

ಹಾಗಿದ್ದರೂ ಫೈಲಿನ ಒಳಗೆ ಉಳಿಯುತ್ತಿದ್ದದ್ದು ಅಕ್ಷರದ ಚೂರುಗಳೇ. ಬೆರಳು ಉಲಿಯನ್ನು ಒತ್ತುತ್ತಿತ್ತು, ಫೈಲು ಚಿತ್ರವನ್ನು ಇಟ್ಟುಕೊಳ್ಳುತ್ತಿತ್ತು. ಆ ಅಂತರ ಮುಚ್ಚಿದ್ದು ಯೂನಿಕೋಡ್, ಅಂದರೆ ಲೋಕದ ಭಾಷೆಗಳ ಒಂದೊಂದು ಅಕ್ಷರಕ್ಕೂ ಅದರದೇ ಸಂಖ್ಯೆ ಕೊಡುವ ಪದ್ಧತಿ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಜಾಗ ಸಿಕ್ಕಿತ್ತು. ಅಲ್ಲಿ 'ಅಕ್ಕ' ಅಂದರೆ ಅ, ಕ, ಬೆಸೆಯುವ ಗುರುತು, ಇನ್ನೊಂದು ಕ. ಬೆರಳು ಒತ್ತಿದ ಸಾಲೇ ಫೈಲಿನ ಸಾಲು! ಎರಡನೇ 'ಕ'ವನ್ನು ಒತ್ತಾಗಿ ಕೆಳಗೆ ಇಳಿಸುವುದು ಫಾಂಟಿನ ಕೆಲಸ.

ಅದು ಮನೆಮನೆಯ ಕಂಪ್ಯೂಟರಿಗೆ ಬರಲು ಮಾತ್ರ ಹತ್ತು ವರ್ಷ ಹಿಡಿಯಿತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ 'ತುಂಗಾ' ಫಾಂಟ್ ಬಂತು. 2003ರಲ್ಲಿ ಕನ್ನಡ ವಿಕಿಪೀಡಿಯ ಶುರುವಾಯಿತು. ಈಗ ಫೋನಿನಲ್ಲಿ ಸುಮ್ನೆ ಕನ್ನಡ ಹುಡುಕುತ್ತೇವಲ್ಲ, ಅದರ ಬೇರು ಇಲ್ಲಿದೆ.

ಹಳೇ ಚೂರುಗಳ ಕಾಲ ಇನ್ನೂ ಪೂರ್ತಿ ಮುಗಿದಿಲ್ಲ. ಡಿಟಿಪಿ ಅಂಗಡಿಗಳಲ್ಲಿ, ಮನೆಯ ಸಿಡಿಗಳಲ್ಲಿ ಎಷ್ಟೋ ಕತೆ, ಕವಿತೆ, ಊರ ಚರಿತ್ರೆ ಆ ಪೌಂಡ್ ಗುರುತುಗಳ ವೇಷದಲ್ಲೇ ಕೂತಿವೆ. ಅವನ್ನು ಯೂನಿಕೋಡಿಗೆ ಬದಲಾಯಿಸುವ ಪುಕ್ಕಟೆ ಸಾಧನಗಳು ಸಿಗುತ್ತವೆ. ಬದಲಾಯಿಸಿದ ಮೇಲೆ ಒಮ್ಮೆ ಕೂತು ಓದಿ. ಅರ್ಕಾವತ್ತು ಇರುವ ಪದಗಳ ಮೇಲೆ ಜಾಸ್ತಿ ಕಣ್ಣಿಡಿ.