ಸೇನೆ ಒಪ್ಪಿದ ಧರ್ಮವನ್ನು ಸಮಾಧಿ ಕಲ್ಲು ಒಪ್ಪಲಿಲ್ಲ

ಅಮೆರಿಕದ ನೆವಾಡಾ ರಾಜ್ಯದ ಫರ್ನ್ಲಿಯಲ್ಲಿ ಮಾಜಿ ಸೈನಿಕರ ಸ್ಮಶಾನವಿದೆ. ಅಲ್ಲಿನ ಸ್ಮಾರಕ ಗೋಡೆಯಲ್ಲಿ ಒಂದು ಫಲಕದ ಜಾಗ ಬಹಳ ಕಾಲ ಖಾಲಿ ಇತ್ತು. ಅದು ಸಾರ್ಜೆಂಟ್ ಪ್ಯಾಟ್ರಿಕ್ ಸ್ಟೀವರ್ಟ್ ಅವರಿಗೆ ಸಲ್ಲಬೇಕಾದ ಜಾಗ. 2005ರ ಸೆಪ್ಟೆಂಬರ್‌ನಲ್ಲಿ ಅಫ್ಘಾನಿಸ್ತಾನದಲ್ಲಿ ಅವರಿದ್ದ ಚಿನೂಕ್ ಹೆಲಿಕಾಪ್ಟರ್ ಶತ್ರುಗಳ ದಾಳಿಗೆ ಸಿಕ್ಕಿ ಬಿತ್ತು. ಐವರೂ ಸತ್ತರು.

ಸ್ಟೀವರ್ಟ್ ವಿಕ್ಕಾ ಪಂಥದವರು. ಪ್ರಕೃತಿಯನ್ನು ಪೂಜಿಸುವ ಈ ಪಂಥ 1950ರ ದಶಕದಲ್ಲಿ ಇಂಗ್ಲೆಂಡ್‌ನಲ್ಲಿ ಬೆಳಕಿಗೆ ಬಂತು. ಇದರವರು ತಮ್ಮನ್ನು ಮಾಟಗಾತಿಯರು ಅಂತಲೇ ಕರೆದುಕೊಳ್ಳುವುದುಂಟು. ಹಾಗಾಗಿ ಗುಮಾನಿ ಜಾಸ್ತಿ. ಫಲಕದ ಮೇಲೆ ವೃತ್ತದೊಳಗಿನ ಐದು ಮೂಲೆಯ ನಕ್ಷತ್ರ ಇರಲಿ ಎಂದು ಪತ್ನಿ ರಾಬರ್ಟಾ ಕೇಳಿದರು. ಇಂಥ ಫಲಕಗಳಿಗೆಂದು ಕೇಂದ್ರ ಸರ್ಕಾರದ ಮಾಜಿ ಸೈನಿಕರ ಇಲಾಖೆ ಒಪ್ಪಿದ ಪಟ್ಟಿಯಲ್ಲಿ 38 ಚಿಹ್ನೆಗಳಿದ್ದವು. ಹಿಂದೂಗಳಿಗೊಂದು, ಬೌದ್ಧರಿಗೊಂದು, ದೇವರನ್ನೇ ನಂಬದ ನಾಸ್ತಿಕರಿಗೂ ಒಂದು. ಈ ನಕ್ಷತ್ರ ಮಾತ್ರ ಇರಲಿಲ್ಲ.

ತಮಾಷೆ ಏನೆಂದರೆ, ಸೇನೆಗೆ ವಿಕ್ಕಾ ಹೊಸದೇನಲ್ಲ. ಸೈನಿಕರ ಧರ್ಮಗುರುಗಳಿಗೆಂದು 1978ರಲ್ಲಿ ಅದು ಹೊರತಂದ ಕೈಪಿಡಿಯಲ್ಲೇ ವಿಕ್ಕಾ ಬಗ್ಗೆ ವಿವರಗಳಿದ್ದವು. 1986ರಲ್ಲಿ ಖೈದಿಯೊಬ್ಬನ ಮೊಕದ್ದಮೆಯಲ್ಲಿ ಫೆಡರಲ್ ಮೇಲ್ಮನವಿ ಕೋರ್ಟ್ ಕೂಡ ಇದು ಧರ್ಮವೇ ಎಂದಿತ್ತು. 1999ರಲ್ಲಿ ಟೆಕ್ಸಾಸ್‌ನ ಫೋರ್ಟ್ ಹುಡ್ ನೆಲೆಯಲ್ಲಿ ವಿಕ್ಕಾ ಸೈನಿಕರು ಪೂಜೆ ಮಾಡುತ್ತಿರುವ ಸುದ್ದಿ ಹಬ್ಬಿತು. ನಿಲ್ಲಿಸಿ ಎಂದು ಸಂಸದ ಬಾಬ್ ಬಾರ್ ಗದ್ದಲ ಎಬ್ಬಿಸಿದರೂ ಸೇನೆ ಜಗ್ಗಲಿಲ್ಲ. ಆಗ ಆ ರಾಜ್ಯದ ಗವರ್ನರ್ ಆಗಿದ್ದ ಜಾರ್ಜ್ ಬುಷ್, ಮಾಟವನ್ನು ಧರ್ಮ ಎಂದು ತಾನು ಒಪ್ಪುವುದಿಲ್ಲ ಎಂದು ಟಿವಿಯಲ್ಲಿ ಹೇಳಿದರು.

ನಕ್ಷತ್ರಕ್ಕಾಗಿ ವಿಕ್ಕಾದವರು 1990ರ ದಶಕದಿಂದಲೇ ಇಲಾಖೆಗೆ ಅರ್ಜಿ ಹಾಕುತ್ತಿದ್ದರು. ಆಗುತ್ತೆ ಅಂತಲೂ ಇಲ್ಲ, ಆಗಲ್ಲ ಅಂತಲೂ ಇಲ್ಲ. ಪರಿಶೀಲನೆಯಲ್ಲಿದೆ, ನಿಯಮ ಬದಲಾಗುತ್ತಿದೆ ಎಂಬ ಮಾತಷ್ಟೇ. ಇದು ನಮಗೂ ಚೆನ್ನಾಗಿ ಗೊತ್ತಿರುವ ವಿದ್ಯೆ, ಅಲ್ವಾ? ಇಲ್ಲ ಎಂದಿದ್ದರೆ ಕೋರ್ಟಿನಲ್ಲಿ ಪ್ರಶ್ನಿಸಬಹುದಿತ್ತು. ಸುಮ್ನೆ ಕೂತ ಫೈಲನ್ನು ಹೇಗೆ ಪ್ರಶ್ನಿಸುವುದು?

ಸ್ಮಶಾನ ರಾಜ್ಯ ಸರ್ಕಾರದ್ದಾದ್ದರಿಂದ, ನಕ್ಷತ್ರವಿರುವ ಫಲಕವನ್ನು ತಾನೇ ಹಾಕುವುದಾಗಿ ನೆವಾಡಾ 2006ರಲ್ಲಿ ಒಪ್ಪಿತು. ಇಲಾಖೆಯ ಪಟ್ಟಿ ಮಾತ್ರ ಬದಲಾಗಲಿಲ್ಲ. ಆ ನವೆಂಬರ್‌ನಲ್ಲಿ ರಾಬರ್ಟಾ ಮತ್ತು ಸರ್ಕಲ್ ಸ್ಯಾಂಕ್ಚುರಿ ಎಂಬ ವಿಕ್ಕಾ ಸಂಸ್ಥೆ ಇಲಾಖೆಯ ಮೇಲೆ ಕೇಸು ಹಾಕಿದವು. ಬುಷ್ ಅಷ್ಟರಲ್ಲಿ ಅಧ್ಯಕ್ಷರಾಗಿದ್ದರು. ಅವರ ಹಳೆಯ ಮಾತಿನ ಪ್ರಸ್ತಾಪ ಇಲಾಖೆಯ ಕಾಗದಪತ್ರಗಳಲ್ಲಿ ಸಿಕ್ಕಿತು ಎಂದರು ಅರ್ಜಿದಾರರ ವಕೀಲರು.

2007ರ ಏಪ್ರಿಲ್‌ನಲ್ಲಿ ಸರ್ಕಾರ ರಾಜಿಗೆ ಬಂತು. ನಕ್ಷತ್ರ 39ನೇ ಚಿಹ್ನೆಯಾಯಿತು. ವಕೀಲರ ಖರ್ಚಿಗೆ 2,25,000 ಡಾಲರ್ ಕೊಡಲೂ ಒಪ್ಪಿತು. ಆಮೇಲೆ ಪಟ್ಟಿ ಬೆಳೆಯುತ್ತಲೇ ಹೋಗಿದೆ. 2013ರಲ್ಲಿ ಥಾರ್ ದೇವತೆಯ ಸುತ್ತಿಗೆಯೂ ಸೇರಿತು.