ವೆಬ್‌ಸೈಟ್ ಮಾಡಿಸುವ ಮುಂಚೆ: ಡೊಮೈನ್ ಯಾರ ಹೆಸರಲ್ಲಿರುತ್ತದೆ?

ಸಣ್ಣ ವ್ಯಾಪಾರಕ್ಕೆ ವೆಬ್‌ಸೈಟ್ ಮಾಡಿಸಲು ಬರುವವರು ನನ್ನನ್ನು ಮೊದಲು ಕೇಳುವುದು ಎರಡೇ ಪ್ರಶ್ನೆ. ಎಷ್ಟಾಗುತ್ತದೆ? ಎಷ್ಟು ದಿನ ಬೇಕು? ಎರಡನ್ನೂ ಕೇಳಲೇಬೇಕು. ಆದರೆ ಬೇರೆ ಕಡೆ ಸೈಟ್ ಮಾಡಿಸಿ ಕಷ್ಟಕ್ಕೆ ಸಿಕ್ಕಿಕೊಂಡು ಬರುತ್ತಾರಲ್ಲ, ಅವರ ತೊಂದರೆಯೇ ಬೇರೆ. ಮಾಡಿಕೊಟ್ಟವರು ಫೋನ್ ಎತ್ತುತ್ತಿಲ್ಲ. ಅಂಗಡಿಯ ಫೋನ್ ನಂಬರ್ ಬದಲಾಗಿ ತಿಂಗಳುಗಳಾದವು, ಸೈಟ್‌ನಲ್ಲಿ ಇನ್ನೂ ಹಳೆಯದೇ ಇದೆ. ಡೊಮೈನ್ ಅವಧಿ ಮುಗಿಯುತ್ತಾ ಬಂದಿದೆ, ಲಾಗಿನ್ ಯಾರ ಹತ್ತಿರ ಇದೆ ಎಂದೇ ಗೊತ್ತಿಲ್ಲ. ಹಾಗಾಗಿ ಡಿಸೈನರ್ ಹುಡುಕುತ್ತಿರುವವರಿಗೆ ನಾನು ಹೇಳುವುದು ಇಷ್ಟು: ಬಣ್ಣ, ಲೋಗೊ, ಪುಟಗಳ ಮಾತು ಆಮೇಲೆ ಆಗಲಿ. ಯಾವುದು ಯಾರ ಹೆಸರಲ್ಲಿರುತ್ತದೆ ಎನ್ನುವುದು ಮೊದಲು ತೀರ್ಮಾನವಾಗಲಿ.

ನಾವು ವೆಬ್‌ಸೈಟ್ ಎಂದು ಕರೆಯುವುದರಲ್ಲಿ ಹಲವು ತುಂಡುಗಳಿವೆ. ಡೊಮೈನ್ ನಿಮ್ಮ ವಿಳಾಸ. ಹೋಸ್ಟಿಂಗ್ ಅಂದರೆ ಫೈಲುಗಳನ್ನು ಇಡುವ ಸರ್ವರ್ ಜಾಗ. ಅದರ ಮೇಲೆ ಸೈಟ್ ನಡೆಸುವ ಸಾಫ್ಟ್‌ವೇರ್, ವರ್ಡ್‌ಪ್ರೆಸ್‌ನಂಥದ್ದು. ನಿಮ್ಮ ವ್ಯಾಪಾರದ ಹೆಸರಿನ ಇಮೇಲ್ ಇದ್ದರೆ ಅದೂ ಡೊಮೈನ್ ಮೇಲೆಯೇ ನಿಂತಿರುತ್ತದೆ. ಹೋಸ್ಟಿಂಗ್ ಕೈತಪ್ಪಿದರೆ ಬ್ಯಾಕಪ್‌ನಿಂದ ಸೈಟನ್ನು ಬೇರೆ ಕಡೆ ಎಬ್ಬಿಸಬಹುದು. ಡಿಸೈನ್ ಹೋದರೆ ಮತ್ತೆ ಮಾಡಿಸಬಹುದು. ಡೊಮೈನ್ ಹೋದರೆ ಮಾತ್ರ ಬೋರ್ಡ್ ಮೇಲೆ ಬರೆಸಿದ ವಿಳಾಸ, ಬಿಲ್‌ನಲ್ಲಿ ಅಚ್ಚಾದ ಇಮೇಲ್, ಗೂಗಲ್ ಹುಡುಕಾಟದಲ್ಲಿ ಗಳಿಸಿದ ಜಾಗ ಎಲ್ಲವೂ ಒಟ್ಟಿಗೆ ಹೋಗುತ್ತವೆ.

ಡೊಮೈನನ್ನು ಯಾರೂ ಶಾಶ್ವತವಾಗಿ ಕೊಂಡುಕೊಳ್ಳಲು ಆಗುವುದಿಲ್ಲ. ರಿಜಿಸ್ಟ್ರಾರ್ ಎಂಬ ಕಂಪನಿಯ ಮೂಲಕ ನೋಂದಾಯಿಸಿ, ಆಗಾಗ ರಿನ್ಯೂ ಮಾಡುತ್ತಾ ಹೋಗಬೇಕು. ಡಾಟ್ ಕಾಮ್ ಆದರೆ ಒಮ್ಮೆಗೆ ಹೆಚ್ಚೆಂದರೆ 10 ವರ್ಷ. ಅವಧಿ ಮುಗಿಯುವ ಸುಮಾರು ಒಂದು ತಿಂಗಳು ಮುಂಚೆ ಒಮ್ಮೆ, ಒಂದು ವಾರ ಮುಂಚೆ ಇನ್ನೊಮ್ಮೆ ರಿಜಿಸ್ಟ್ರಾರ್ ನೆನಪಿನ ಸಂದೇಶ ಕಳಿಸಬೇಕು ಎಂದು ಡೊಮೈನ್ ವ್ಯವಸ್ಥೆಯನ್ನು ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆಯ ನಿಯಮವಿದೆ. ಆ ಸಂದೇಶ ಹೋಗುವುದು ನೋಂದಣಿಯಲ್ಲಿ ಕೊಟ್ಟ ಇಮೇಲ್‌ಗೆ. ಅಲ್ಲಿ ಡಿಸೈನರ್ ಇಮೇಲ್ ಇದ್ದರೆ ನಿಮಗೆ ವಿಷಯವೇ ತಿಳಿಯುವುದಿಲ್ಲ. ರಿನ್ಯೂ ಆಗದೆ ಡೊಮೈನ್ ಅಳಿಸಿಹೋದರೂ 30 ದಿನ ರಿಡೆಂಪ್ಷನ್ ಎಂಬ ಗಡುವು ಇರುತ್ತದೆ. ಆಗ ವಾಪಸ್ ಪಡೆಯಬಹುದು, ಆದರೆ ಮಾಮೂಲಿಗಿಂತ ಜಾಸ್ತಿ ಶುಲ್ಕ ಕಟ್ಟಬೇಕಾಗುತ್ತದೆ. ಅದೂ ದಾಟಿ ಇನ್ನು 5 ದಿನ ಕಳೆದರೆ ಆ ಹೆಸರು ಯಾರಿಗೆ ಬೇಕಾದರೂ ಸಿಗುತ್ತದೆ. ಹೀಗೆ ಬಿಟ್ಟುಹೋದ ಹೆಸರುಗಳನ್ನು ಹಿಡಿಯಲೆಂದೇ ಕಾಯುವವರಿದ್ದಾರೆ.

ಡಿಸೈನರ್‌ಗಳೆಲ್ಲ ಮೋಸಗಾರರು ಎಂದು ನಾನು ಹೇಳುತ್ತಿಲ್ಲ. ಬಹಳ ಸಲ ಇದು ಅನುಕೂಲಕ್ಕೆ ಆಗುವ ಕೆಲಸ. ಗ್ರಾಹಕರಿಗೆ ಕಿರಿಕಿರಿ ಬೇಡ ಎಂದು ಡಿಸೈನರ್ ತನ್ನದೇ ಖಾತೆಯಲ್ಲಿ ಎಲ್ಲರ ಡೊಮೈನ್ ತೆಗೆದುಕೊಂಡುಬಿಡುತ್ತಾರೆ. ‘ಡೊಮೈನ್ ಫ್ರೀ’ ಎನ್ನುವ ಪ್ಯಾಕೇಜ್‌ಗಳಲ್ಲೂ ಹೀಗೆ ಆಗುವುದುಂಟು. ಮುಂದೆ ಅವರು ಕೆಲಸ ಬಿಡಬಹುದು, ಕಾಯಿಲೆ ಬೀಳಬಹುದು, ನಿಮಗೂ ಅವರಿಗೂ ಮನಸ್ತಾಪ ಬರಬಹುದು. ಮನೆ ಕಟ್ಟಿಸುವವರು ಜಾಗದ ಪತ್ರವನ್ನು ಮೇಸ್ತ್ರಿಯ ಹೆಸರಿಗೆ ಮಾಡಿಸುವುದಿಲ್ಲ, ಅಲ್ವಾ? ಇಲ್ಲೂ ಅದೇ ಎಚ್ಚರ ಬೇಕು. ರಿಜಿಸ್ಟ್ರಾರ್ ಖಾತೆಯನ್ನು ನೀವೇ, ನಿಮ್ಮ ಇಮೇಲ್ ಮತ್ತು ಫೋನ್ ನಂಬರ್ ಕೊಟ್ಟು ತೆರೆಯಿರಿ. ನೋಂದಣಿಯಲ್ಲಿ ನಿಮ್ಮ ಹೆಸರಿದ್ದರೆ ಸಾಲದು. ಒಟಿಪಿ ಬೇರೆಯವರ ಫೋನ್‌ಗೆ ಹೋಗುತ್ತಿದ್ದರೆ ಹಿಡಿತ ಅವರದೇ. ಇನ್ನೊಂದು ಮಾತು: ಖಾತೆಗೆ ಕೊಡುವ ಇಮೇಲ್ ಅದೇ ಡೊಮೈನ್‌ನದ್ದಾಗಿರಬಾರದು. ಡೊಮೈನ್ ನಿಂತ ದಿನ ಆ ಇಮೇಲೂ ನಿಂತುಹೋಗುತ್ತದೆ, ಪಾಸ್‌ವರ್ಡ್ ಬದಲಿಸುವ ದಾರಿಯೂ ಮುಚ್ಚುತ್ತದೆ.

ನಿಮ್ಮದಲ್ಲದ ಜಾಗದಲ್ಲಿ ಕಟ್ಟಿದ್ದು ಹೇಗೆ ಕೈಬಿಡಬಹುದು ಎನ್ನುವುದಕ್ಕೆ ಒಂದು ಉದಾಹರಣೆ ಇದೆ. ಹುಡುಕಾಟದಲ್ಲಿ, ಮ್ಯಾಪ್‌ನಲ್ಲಿ ಅಂಗಡಿಯ ವಿವರ ತೋರಿಸುವ ಬಿಸಿನೆಸ್ ಪ್ರೊಫೈಲ್ ಜೊತೆಗೆ ಗೂಗಲ್ ಉಚಿತ ವೆಬ್‌ಸೈಟ್ ಕೊಡುತ್ತಿತ್ತು. ಸಣ್ಣ ವ್ಯಾಪಾರಿಗಳು ಅದನ್ನೇ ನೆಚ್ಚಿಕೊಂಡಿದ್ದರು. 2024ರ ಮಾರ್ಚ್‌ನಲ್ಲಿ ಗೂಗಲ್ ಆ ಸೈಟ್‌ಗಳನ್ನು ನಿಲ್ಲಿಸಿತು. ಸ್ವಂತ ಡೊಮೈನ್ ಇದ್ದವರು ಅದನ್ನು ಹೊಸ ಸೈಟ್‌ಗೆ ತಿರುಗಿಸಿಕೊಳ್ಳಬಹುದಿತ್ತು. ಗೂಗಲ್ ಕೊಟ್ಟ ವಿಳಾಸವನ್ನೇ ಎಲ್ಲ ಕಡೆ ಹಾಕಿಕೊಂಡಿದ್ದವರಿಗೆ ಆ ವಿಳಾಸವೇ ಉಳಿಯಲಿಲ್ಲ.

ಯಾವುದರಲ್ಲಿ ಕಟ್ಟುತ್ತೀರಿ ಎಂದೂ ಕೇಳಿ. ವರ್ಡ್‌ಪ್ರೆಸ್ 2003ರಲ್ಲಿ ಬಂದ ಮುಕ್ತ ತಂತ್ರಾಂಶ. ಜಗತ್ತಿನ ವೆಬ್‌ಸೈಟ್‌ಗಳಲ್ಲಿ ಶೇ 40ಕ್ಕೂ ಹೆಚ್ಚು ಅದರಲ್ಲೇ ನಡೆಯುತ್ತಿವೆ. ಒಬ್ಬ ಡಿಸೈನರ್ ಬಿಟ್ಟುಹೋದರೆ ಇನ್ನೊಬ್ಬರು ಸಿಗುತ್ತಾರೆ, ಹೋಸ್ಟಿಂಗ್ ಬೇಡವಾದರೆ ಇಡೀ ಸೈಟನ್ನು ಎತ್ತಿಕೊಂಡು ಹೋಗಬಹುದು. ಆದರೆ ಥೀಮ್ (ಸೈಟ್‌ನ ರೂಪ), ಪ್ಲಗಿನ್ (ಜೋಡಿಸಿಕೊಳ್ಳುವ ಸಣ್ಣ ತಂತ್ರಾಂಶ) ಎಲ್ಲವನ್ನೂ ಅಪ್‌ಡೇಟ್ ಮಾಡುತ್ತಲೇ ಇರಬೇಕು, ಇಲ್ಲದಿದ್ದರೆ ಹ್ಯಾಕ್ ಆಗುವ ಭಯ. ವಿಕ್ಸ್‌ನಂಥ ತಿಂಗಳ ಬಾಡಿಗೆಯ ಸೇವೆಗಳಲ್ಲಿ ಆ ತಲೆನೋವು ಕಡಿಮೆ. ಆದರೆ ಅಲ್ಲಿ ಕಟ್ಟಿದ ಸೈಟನ್ನು ಹಾಗೇ ಬೇರೆ ಹೋಸ್ಟಿಂಗ್‌ಗೆ ಒಯ್ಯಲು ಬರುವುದಿಲ್ಲ. ನಾಲ್ಕು ಪುಟದ ಸೈಟ್‌ಗೆ ಅದು ಕೆಟ್ಟ ಆಯ್ಕೆಯೇನಲ್ಲ. ಗೊತ್ತಿದ್ದು ಆರಿಸಿಕೊಳ್ಳಿ, ಅಷ್ಟೆ.

ಇನ್ನು ಡಿಸೈನರ್ ಮಾಡಿದ ಹಳೆಯ ಕೆಲಸವನ್ನು ನೋಡುವ ರೀತಿ. ಅವರು ತೋರಿಸುವ ಚಿತ್ರಗಳನ್ನು ನೋಡಿ ಮಾರುಹೋಗಬೇಡಿ. ಆ ಸೈಟ್‌ಗಳ ವಿಳಾಸ ಕೇಳಿ ಪಡೆದು ನಿಮ್ಮ ಫೋನ್‌ನಲ್ಲಿ, ವೈಫೈ ಆಫ್ ಮಾಡಿ ತೆರೆಯಿರಿ. ಗೂಗಲ್ ಈಗ ಸೈಟ್‌ಗಳನ್ನು ಅಳೆಯುವುದೇ ಮೊಬೈಲ್ ರೂಪ ನೋಡಿ. ಪೇಜ್‌ಸ್ಪೀಡ್ ಇನ್‌ಸೈಟ್ಸ್ ಎಂಬ ಗೂಗಲ್‌ನ ಉಚಿತ ಪರೀಕ್ಷೆಯಲ್ಲಿ ವಿಳಾಸ ಹಾಕಿದರೆ, ಪುಟದ ಮುಖ್ಯ ಭಾಗ ಕಾಣಿಸಲು ಎಷ್ಟು ಹೊತ್ತಾಯಿತು ಎಂದು ತಿಳಿಯುತ್ತದೆ. 2.5 ಸೆಕೆಂಡ್ ಒಳಗಿದ್ದರೆ ಒಳ್ಳೆಯದು ಎಂಬುದು ಗೂಗಲ್‌ನ ಲೆಕ್ಕ. ಎರಡು ಮೂರು ವರ್ಷ ಹಿಂದೆ ಮಾಡಿದ ಸೈಟ್ ಈಗಲೂ ಸರಿಯಾಗಿ ಓಡುತ್ತಿದೆಯೇ ನೋಡಿ. ಆಮೇಲೆ ಅದರ ಮಾಲೀಕರಿಗೆ ಒಂದು ಫೋನ್ ಮಾಡಿ. ‘ಸೈಟ್ ಚೆನ್ನಾಗಿದೆಯಾ’ ಎಂದು ಕೇಳಿದರೆ ಏನೂ ತಿಳಿಯುವುದಿಲ್ಲ. ‘ಏನಾದರೂ ಬದಲಿಸಬೇಕಾದರೆ ನೀವೇ ಬದಲಿಸ್ತೀರಾ, ಅವರಿಗೆ ಹೇಳಬೇಕಾ? ಹೇಳಿದ ಮೇಲೆ ಎಷ್ಟು ದಿನ ಹಿಡಿಯುತ್ತೆ?’ ಎಂದು ಕೇಳಿ.

ಗೂಗಲ್‌ನಲ್ಲಿ ಮೊದಲ ಸ್ಥಾನ ಗ್ಯಾರಂಟಿ ಎನ್ನುವವರನ್ನು ಅಲ್ಲೇ ಬಿಡಿ. ಅಂಥ ಗ್ಯಾರಂಟಿಯನ್ನು ಯಾರೂ ಕೊಡಲಾರರು ಎಂದು ಗೂಗಲ್ಲೇ ಹೇಳುತ್ತದೆ.

ನಿಮ್ಮ ಪಾಲಿನ ಕೆಲಸವೂ ಇದೆ, ಅದು ಬರವಣಿಗೆ. ಸೈಟ್ ತಡವಾಗಲು ಸಾಮಾನ್ಯವಾಗಿ ಇದೇ ಕಾರಣ. ಡಿಸೈನರ್‌ಗೆ ಬಣ್ಣ ಗೊತ್ತು, ನಿಮ್ಮ ವ್ಯಾಪಾರ ಗೊತ್ತಿಲ್ಲ. ಒಂದು ವಾರ ಫೋನ್‌ನಲ್ಲಿ, ಕೌಂಟರ್‌ನಲ್ಲಿ ಜನ ಏನೇನು ಕೇಳುತ್ತಾರೆ ಎಂದು ಬರೆದಿಡಿ. ಎಷ್ಟು ಹೊತ್ತಿಗೆ ತೆರೆಯುತ್ತೀರಿ, ಮನೆಗೆ ತಲುಪಿಸುತ್ತೀರಾ, ರಿಪೇರಿಗೆ ಎಷ್ಟು ದಿನ, ಬೇಡವಾದರೆ ವಾಪಸ್ ತೆಗೆದುಕೊಳ್ಳುತ್ತೀರಾ. ಆ ಪಟ್ಟಿಯ ಉತ್ತರಗಳೇ ನಿಮ್ಮ ಸೈಟ್. ‘ಗ್ರಾಹಕರ ತೃಪ್ತಿಯೇ ನಮ್ಮ ಗುರಿ’ ಎಂಬ ಸಾಲಿಗಿಂತ ಅವು ಎಷ್ಟೋ ಕೆಲಸ ಮಾಡುತ್ತವೆ. ಫೋಟೊಗಳು ನಿಮ್ಮವೇ ಇರಲಿ. ಹುಡುಕಾಟದಲ್ಲಿ ಸಿಕ್ಕ ಚಿತ್ರವನ್ನು ಸುಮ್ನೆ ಎತ್ತಿ ಹಾಕಿದರೆ ಹಕ್ಕುದಾರರಿಂದ ನೋಟಿಸ್ ಬರಬಹುದು, ಅದು ಬರುವುದು ಸೈಟ್ ಮಾಲೀಕರಿಗೆ.

ಕೊಟೇಷನ್ ಬರಹದಲ್ಲೇ ಇರಲಿ. ಎಷ್ಟು ಪುಟ, ಎಷ್ಟು ಸಲ ತಿದ್ದುಪಡಿ, ಬರವಣಿಗೆ ಯಾರದು, ಪ್ರತಿ ವರ್ಷ ಕಟ್ಟಬೇಕಾದದ್ದು ಏನೇನು ಎಂದು ಬಿಡಿಬಿಡಿಯಾಗಿ ಕಾಣಬೇಕು. ಸೈಟ್‌ಗೂ ನೋಡುವವರಿಗೂ ನಡುವಿನ ಮಾಹಿತಿಯನ್ನು ಗುಪ್ತವಾಗಿಡುವ ಎಸ್‌ಎಸ್‌ಎಲ್ ಪ್ರಮಾಣಪತ್ರಕ್ಕೆ ಎಂದು ವರ್ಷ ವರ್ಷ ದೊಡ್ಡ ಮೊತ್ತ ಕಂಡರೆ ಯಾಕೆ ಎಂದು ಕೇಳಿ. ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಆ ಪ್ರಮಾಣಪತ್ರವನ್ನು ಉಚಿತವಾಗಿಯೇ ಕೊಡುತ್ತದೆ, ಸಣ್ಣ ಸೈಟ್‌ಗೆ ಅದು ಸಾಕು. ಬಹಳ ದೇಶಗಳಲ್ಲಿ, ಹೊರಗಿನವರಿಂದ ಮಾಡಿಸಿದ ಡಿಸೈನ್‌ನ ಕೃತಿಸ್ವಾಮ್ಯ ಬರಹದಲ್ಲಿ ವರ್ಗಾಯಿಸದಿದ್ದರೆ ಮಾಡಿದವರಲ್ಲೇ ಉಳಿಯುತ್ತದೆ. ಪೂರ್ತಿ ಹಣ ಸಂದಾಯವಾದ ಮೇಲೆ ಹಕ್ಕು ನಿಮಗೆ ಬರುತ್ತದೆ ಎಂಬ ಒಂದು ಸಾಲು ಸೇರಿಸಿ. ಹಳೆಯ ಸೈಟ್ ಬದಲಿಸುತ್ತಿದ್ದರೆ, ಹಳೆಯ ಪುಟಗಳ ವಿಳಾಸಗಳನ್ನು ಹೊಸದಕ್ಕೆ ತಿರುಗಿಸುವ 301 ರೀಡೈರೆಕ್ಟ್ ಕೆಲಸವೂ ಕೊಟೇಷನ್‌ನಲ್ಲಿ ಬರಲಿ.

ನಮ್ಮ ಕಡೆಯ ಮಾತನ್ನೂ ಹೇಳಬೇಕು. ಸೈಟ್ ಶುರುವಾದ ಮೇಲಿನ ಅಪ್‌ಡೇಟ್, ಬ್ಯಾಕಪ್, ತಿದ್ದುಪಡಿಗಳೂ ಕೆಲಸವೇ. ಅದಕ್ಕೆ ಹಣ ಕೇಳುವುದು ನ್ಯಾಯ. ‘ಸ್ವಲ್ಪ ಬದಲಾವಣೆ ಅಷ್ಟೇ’ ಎಂದು ವರ್ಷಗಟ್ಟಲೆ ಬಿಟ್ಟಿಯಾಗಿ ಮಾಡಿಸಿಕೊಂಡರೆ, ಒಂದು ದಿನ ಅವರು ಫೋನ್ ಎತ್ತುವುದನ್ನು ನಿಲ್ಲಿಸುತ್ತಾರೆ.

ಹಣವನ್ನು ಹಂತ ಹಂತವಾಗಿ ಕೊಡಿ. ಕೊನೆಯ ಕಂತನ್ನು ಸೈಟ್ ಒಪ್ಪಿಸುವ ದಿನಕ್ಕೆ ಇಟ್ಟುಕೊಳ್ಳಿ. ಆ ದಿನ ಡಿಸೈನರ್ ಜೊತೆ ಕೂತು, ನಿಮ್ಮ ಕಂಪ್ಯೂಟರ್‌ನಿಂದ ನೀವೇ ಲಾಗಿನ್ ಆಗಿ ನೋಡಿ: ರಿಜಿಸ್ಟ್ರಾರ್, ಹೋಸ್ಟಿಂಗ್, ವರ್ಡ್‌ಪ್ರೆಸ್‌ನ ಅಡ್ಮಿನ್, ಸರ್ಚ್ ಕನ್ಸೋಲ್ (ಗೂಗಲ್ ಹುಡುಕಾಟದಲ್ಲಿ ಸೈಟ್ ಹೇಗಿದೆ ಎಂದು ತೋರಿಸುವ ಗೂಗಲ್‌ನ ಸೇವೆ), ಬಿಸಿನೆಸ್ ಪ್ರೊಫೈಲ್. ಒಂದು ಪುಟದಲ್ಲಿ ಫೋನ್ ನಂಬರ್ ಬದಲಿಸಿ, ಮತ್ತೆ ಸರಿಮಾಡಿ. ಇಡೀ ಸೈಟ್‌ನ ಬ್ಯಾಕಪ್ ಇಳಿಸಿಕೊಂಡು ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಡಿಸೈನರ್‌ಗೆ ಮುಂದೆಯೂ ಪ್ರವೇಶ ಬೇಕಿದ್ದರೆ ಅವರ ಹೆಸರಲ್ಲೇ ಬೇರೆ ಯೂಸರ್ ಮಾಡಿಕೊಡಿ, ನಿಮ್ಮ ಪಾಸ್‌ವರ್ಡ್ ಕೊಡಬೇಡಿ. ಈಗಾಗಲೇ ಸೈಟ್ ಇರುವವರು ಐಕ್ಯಾನ್‌ನ ಲುಕಪ್ ಪುಟದಲ್ಲಿ ತಮ್ಮ ಡೊಮೈನ್ ಹಾಕಿ ನೋಡಬಹುದು. ಮಾಲೀಕರ ಹೆಸರು ಮರೆಯಾಗಿದ್ದರೂ ರಿಜಿಸ್ಟ್ರಾರ್ ಯಾರು, ಅವಧಿ ಎಂದು ಮುಗಿಯುತ್ತದೆ ಎನ್ನುವುದು ಸಾಮಾನ್ಯವಾಗಿ ಕಾಣುತ್ತದೆ. ಆ ರಿಜಿಸ್ಟ್ರಾರ್‌ನಲ್ಲಿ ನಿಮ್ಮ ಖಾತೆ ಇಲ್ಲ ಎಂದಾದರೆ ಡಿಸೈನರ್‌ಗೆ ಇವತ್ತೇ ಫೋನ್ ಮಾಡಿ, ಡೊಮೈನನ್ನು ನಿಮ್ಮ ಖಾತೆಗೆ ವರ್ಗಾಯಿಸಲು ಕೇಳಿ. ಸಂಬಂಧ ಚೆನ್ನಾಗಿರುವಾಗ ಇದು ಸಣ್ಣ ಕೆಲಸ.